ಹೆಬ್ಬೆಟ್ಟಿನ ಕಾಗದ

ಎಪ್ಪತ್ತರ ದಶಕದ ನಡುವೆ ನಾನು ರಾಯಚೂರಿನ ಒಂದು ಆಸ್ಪತ್ರೆಯಲ್ಲಿ ಡ್ರೆಸರ್ ಆಗಿ ಸೇರಿದೆ. ಗಾಯ ತೊಳೆಯುವುದು, ಹೊಲಿಗೆ ಹಾಕುವಾಗ ಡಾಕ್ಟರಿಗೆ ಕೈಜೋಡಿಸುವುದು, ಪಟ್ಟಿ ಕಟ್ಟುವುದು ನನ್ನ ಕೆಲಸ. ವರ್ಷ ತುಂಬುವುದರೊಳಗೆ ಆಸ್ಪತ್ರೆಯ ವ್ಯಾನಿನ ಜೊತೆ ಊರೂರಿಗೆ ಹೋಗುವ ಕೆಲಸವೂ ನನ್ನ ಪಾಲಿಗೆ ಬಂತು. ವ್ಯಾನು ಓಡಿಸುತ್ತಿದ್ದವರು ನಿಜಾಮರ ಕಾಲದಲ್ಲಿ ಲಾರಿ ಕ್ಲೀನರ್ ಆಗಿದ್ದ ಒಬ್ಬ ವಯಸ್ಸಾದ ಮುಸಲ್ಮಾನರು. ಎಲ್ಲರೂ ಅವರನ್ನು ಚಾಚಾ ಎನ್ನುತ್ತಿದ್ದರು, ನಾನೂ ಹಾಗೆಯೇ ಕರೆಯುತ್ತಿದ್ದೆ. ದೇವದುರ್ಗ, ಮಾನ್ವಿ, ಸುತ್ತಲಿನ ಹಳ್ಳಿ, ಎಲ್ಲಿಂದ ಕರೆ ಬಂದರೂ ನಾವಿಬ್ಬರೇ.

ಆ ಕೆಲಸಕ್ಕೆ ಹೋಗುವ ಮೊದಲು ನನಗೊಂದು ಕಲ್ಪನೆಯಿತ್ತು. ವ್ಯಾನು ಬಂತೆಂದರೆ ಜನ ಓಡಿಬಂದು ರೋಗಿಯನ್ನು ಹತ್ತಿಸುತ್ತಾರೆ ಅಂದುಕೊಂಡಿದ್ದೆ. ಹಾಗೆ ಆಗುತ್ತಲೂ ಇತ್ತು. ಆದರೆ ಬರುವುದಿಲ್ಲ ಎನ್ನುವವರೂ ಇರುತ್ತಾರೆ ಎಂಬುದು ಹೋದ ಮೇಲೇ ತಿಳಿದದ್ದು. ಹೊಟ್ಟೆಯಲ್ಲಿ ಮಗು ಅಡ್ಡ ನಿಂತಿದ್ದರೂ ಗಂಡ ಬರುವ ತನಕ ಕದಲುವುದಿಲ್ಲ ಎಂದವಳನ್ನು ಕಂಡೆ. ಕಾಲು ಕೊಳೆತು ನಾರುತ್ತಿದ್ದರೂ, ಕಾಲು ಕಡಿಯುತ್ತಾರೆಂಬ ಹೆದರಿಕೆಗೆ ಬಾಗಿಲ ಚಿಲಕ ಹಾಕಿಕೊಂಡು ಕೂತ ಮುದುಕನನ್ನು ಕಂಡೆ. ಅಂಥವರಿಗಾಗಿ ನಮ್ಮ ಬಳಿ ಒಂದು ಕಾಗದವಿತ್ತು. ಸೈಕ್ಲೋಸ್ಟೈಲ್ ಮಾಡಿದ ಹಾಳೆ. ಚಿಕಿತ್ಸೆಯ ಅಗತ್ಯವನ್ನು ನನಗೆ ತಿಳಿಸಿ ಹೇಳಲಾಗಿದೆ, ನನ್ನ ಸ್ವಂತ ಇಚ್ಛೆಯಿಂದ ನಿರಾಕರಿಸಿರುತ್ತೇನೆ, ಮುಂದಾಗುವುದಕ್ಕೆ ಆಸ್ಪತ್ರೆಯವರು ಜವಾಬ್ದಾರರಲ್ಲ ಎಂದು ಅದರಲ್ಲಿ ಬರೆದಿತ್ತು. ಕೆಳಗೆ ಸಹಿ, ಇಲ್ಲವೇ ಹೆಬ್ಬೆಟ್ಟು. ಶಾಯಿಯ ಡಬ್ಬಿ ನನ್ನ ಚೀಲದಲ್ಲೇ ಇರುತ್ತಿತ್ತು.

ನನ್ನ ಊರು ಚಂದ್ರಬಂಡ. ಅಪ್ಪ, ಅವ್ವ ಇಬ್ಬರೂ ಕೂಲಿಯವರು. ಅಪ್ಪ ಜೀವನವಿಡೀ ಬೇರೆಯವರು ಬರೆದ ಕಾಗದಗಳಿಗೆ ಹೆಬ್ಬೆಟ್ಟು ಒತ್ತಿದವನು. ಏನು ಬರೆದಿದ್ದಾರೆಂದು ಕೇಳುವ ಧೈರ್ಯ ಅವನಿಗೆ ಇರಲಿಲ್ಲ. ಈಗ ಅವನ ಮಗ ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಬೇರೆಯವರ ಹೆಬ್ಬೆರಳು ಹಿಡಿದು ಶಾಯಿಗೆ ಅದ್ದಿಸುತ್ತಿದ್ದ. ಅದರ ಬಗ್ಗೆ ನನಗೆ ಒಂದು ಬಗೆಯ ಹೆಮ್ಮೆಯೇ ಇತ್ತು. ಸುಳ್ಳು ಹೇಳಿ ಪ್ರಯೋಜನವಿಲ್ಲ.

ನಾನು ಹೇಳಬೇಕೆಂದಿರುವ ಮನುಷ್ಯ ಒಬ್ಬ ಕುರಿಗಾರ. ಸುಗ್ಗಿ ಮುಗಿದು ಜೋಳದ ಹೊಲಗಳೆಲ್ಲ ಬರಿದಾಗಿದ್ದ ದಿನಗಳು. ದೇವದುರ್ಗದಲ್ಲಿ ಒಬ್ಬ ರೋಗಿಯನ್ನು ಮನೆಗೆ ಮುಟ್ಟಿಸಿ ನಾವು ಚಹಾ ಕುಡಿಯುತ್ತಿದ್ದೆವು. ಬೆಳಗಿನ ಹತ್ತು ಗಂಟೆ ಇರಬಹುದು. ಗೂಗಲ್ ಕಡೆಯಿಂದ ಒಬ್ಬ ರೈತ ಸೈಕಲ್ ಮೇಲೆ ಬೆವರು ಸುರಿಸುತ್ತ ಬಂದ. ನನ್ನ ಹೊಲದಲ್ಲಿ ಗೊಬ್ಬರಕ್ಕೆಂದು ಕುರಿ ತರುಬಿಸಿದ್ದೇನೆ, ಕುರಿಗಾರನಿಗೆ ತೋಳ ಕಚ್ಚಿದೆ, ರಕ್ತ ನಿಲ್ಲುತ್ತಿಲ್ಲ ಎಂದ. ಸೈಕಲ್ಲನ್ನು ಹೋಟೆಲಿನ ಗೋಡೆಗೆ ಒರಗಿಸಿ ಅವನೂ ವ್ಯಾನು ಹತ್ತಿದ.

ಹೊಲ ಹೊಳೆಯ ದಂಡೆಗೆ ಹತ್ತಿರವಿತ್ತು. ದೂರದಿಂದಲೇ ಜನ ಸೇರಿದ್ದು ಕಂಡಿತು. ಬದುವಿನ ಪಕ್ಕ ತೋಳ ಸತ್ತು ಬಿದ್ದಿತ್ತು, ತಲೆ ಜಜ್ಜಿಹೋಗಿತ್ತು. ಜಾಲಿ ಗಿಡದ ಕೆಳಗೆ ಕುರಿಗಾರ ಕೂತಿದ್ದ. ನಲವತ್ತರ ಆಸುಪಾಸಿನ ಎತ್ತರದ ಆಳು. ಎಡಗೈಯಲ್ಲಿ ಮೊಣಕೈ ಕೆಳಗೆ ನಾಲ್ಕು ಹಲ್ಲು ಆಳವಾಗಿ ಇಳಿದಿದ್ದವು. ಕೆನ್ನೆ ಸೀಳಿತ್ತು. ಅವನ ಹೆಂಡತಿ ಗಾಯಕ್ಕೆ ಅರಿಸಿನ, ಬೂದಿ ತುಂಬಿ ಸೀರೆಯ ತುಂಡು ಸುತ್ತಿದ್ದಳು. ಅವನು ಬಲಗೈಯಲ್ಲಿ ಬೀಡಿ ಸೇದುತ್ತಿದ್ದ.

"ಬರ್ರಿ ಡಾಕ್ಟ್ರ, ಮೊದ್ಲು ಅದಕ್ಕ ನೋಡ್ರಿ. ನನಗಿಂತ ಅದಕ್ಕ ಜಾಸ್ತಿ ಪೆಟ್ಟಾಗ್ಯಾದ," ಎಂದು ಸತ್ತ ತೋಳದ ಕಡೆ ಬೆರಳು ತೋರಿಸಿದ. ಸುತ್ತಲಿದ್ದವರೆಲ್ಲ ನಕ್ಕರು.

ನಾನು ಡಾಕ್ಟರಲ್ಲ ಎಂದೆ. ಗಾಯ ಬಿಚ್ಚಿ ಸಾಬೂನು ನೀರಿನಿಂದ ತೊಳೆದೆ. ತೊಳೆಯುತ್ತ ಏನಾಯಿತೆಂದು ಕೇಳಿದೆ. ತೋಳ ಒಂದೇ ಬಂತಂತೆ, ಹಾಡಹಗಲಿನಲ್ಲಿ. ಹಟ್ಟಿಯ ನಾಯಿ ಬೊಗಳಿದರೂ ಹೆದರಲಿಲ್ಲ, ನಾಯಿಯನ್ನೇ ಕಚ್ಚಿತು. ಎದುರಿಗೆ ಅಷ್ಟು ಕುರಿಗಳಿದ್ದರೂ ಒಂದನ್ನೂ ಮುಟ್ಟದೆ ನೇರವಾಗಿ ಇವನ ಮುಖಕ್ಕೆ ಹಾರಿತು. ಇವನು ಕೈಯನ್ನು ಅದರ ಬಾಯಿಗೆ ಕೊಟ್ಟು, ಇನ್ನೊಂದು ಕೈಯಿಂದ ಕಲ್ಲೆತ್ತಿ ಜಜ್ಜಿ ಕೊಂದಿದ್ದ. ಹಸಿದ ತೋಳ ಹಾಗೆ ಮಾಡುವುದಿಲ್ಲ. ಅಷ್ಟು ನನಗೂ ಗೊತ್ತಿತ್ತು.

"ಇದಕ್ಕ ಹುಚ್ಚು ಹಿಡಿದಿತ್ತು. ನೀವು ರಾಯಚೂರಿಗಿ ಬರಬೇಕು. ಸೂಜಿ ಹಾಕಸ್ಕೋಬೇಕು," ಎಂದೆ.

"ತೋಳಕ್ಕೆಲ್ಲಿ ಹುಚ್ಚು ಹಿಡೀತದ? ಹುಚ್ಚು ನಾಯಿಗಿ ಹಿಡೀತದ, ಮನಷ್ಯಾಗ ಹಿಡೀತದ."

ಮತ್ತೆ ನಗು. ಪಟ್ಟಿ ಕಟ್ಟುತ್ತ ನಾನು ಹೇಳಿಕೊಂಡೇ ಹೋದೆ. ಹದಿನಾಲ್ಕು ಸೂಜಿ, ದಿನಕ್ಕೊಂದು, ಹೊಕ್ಕಳ ಸುತ್ತ.

"ಹದಿನಾಕ ದಿನಾನ? ರಾಯಚೂರಾಗ?" ಎಂದ ಅವನು. ಆಗ ನಗುತ್ತಿರಲಿಲ್ಲ. ತಲೆಯೆತ್ತಿ ಕುರಿಗಳ ಕಡೆ ನೋಡಿದ, ಆಮೇಲೆ ಹೆಂಡತಿಯ ಕಡೆ. "ಆಗಂಗಿಲ್ಲ ತಮ್ಮಾ. ನೀ ಪಟ್ಟಿ ಕಟ್ಟೀದಿ, ಅಷ್ಟು ಸಾಕು. ಹೋಗಿ ಬಾ."

ಅವನು ಕುರಿಗಳ ಕಡೆ ನೋಡಿದ್ದನ್ನು ನಾನು ಕಂಡಿದ್ದೆ. ಯಾಕೆ ಆಗುವುದಿಲ್ಲ ಎಂದು ಒಂದು ಮಾತು ಕೇಳಬಹುದಿತ್ತು. ಕೇಳಲಿಲ್ಲ. ಬದಲಿಗೆ ಹೆದರಿಸಿದೆ. "ನಾಯಿ ಹಂಗ ಬೊಗಳಿ ಸಾಯ್ತಿ," ಎಂದೆ, ಅಷ್ಟು ಜನರ ಎದುರಿಗೆ. ಅವನು, "ಸತ್ರ ಸಾಯ್ತೀನಿ ಬಿಡು. ಹೊಕ್ಕಳಕ್ಕ ಚುಚ್ಚಿಸ್ಕೊಂಡು ಬದುಕಾಕ ನಾನೇನು ಬಸರಿ ಹೆಂಗಸೇನು?" ಎಂದ. ಈ ಸಲದ ನಗುವಿಗೆ ನನ್ನ ಕಿವಿ ಬಿಸಿಯಾಯಿತು. ಚೀಲದಿಂದ ಕಾಗದ ತೆಗೆದೆ. ಅದರಲ್ಲಿದ್ದ ಮಾತನ್ನು ಉಸಿರು ಬಿಡದೆ ಓದಿದೆ. ಆ ಕಚೇರಿ ಕನ್ನಡ ಅಲ್ಲಿ ಒಬ್ಬರಿಗೂ ತಿಳಿದಿರಲಾರದು.

"ಇದಕ್ಕ ಒತ್ತಿದ್ರ ನೀ ಹೋಗ್ತಿಯೇನು?" ಎಂದ ಅವನು.

"ಹೋಗ್ತೀನಿ."

ಅವನು ಹೆಬ್ಬೆರಳು ಚಾಚಿದ. ನಾನು ಶಾಯಿಗೆ ಅದ್ದಿಸಿ ಒತ್ತಿಸಿದೆ. ಅಷ್ಟು ಹೊತ್ತು ಸುಮ್ಮನೆ ನಿಂತಿದ್ದ ಹೆಂಡತಿ ಆಗ ಬಾಯಿ ಬಿಟ್ಟಳು. "ಏನದು ಕಾಗದ ಯಪ್ಪಾ?"

"ಇನ್ನ ಮುಂದ ದವಾಖಾನಿಗೂ ನಿಮಗೂ ಸಂಬಂಧ ಇಲ್ಲ ಅಂತ," ಎಂದು ಹೇಳಿ, ಕಾಗದ ಮಡಚಿ, ವ್ಯಾನಿನ ಕಡೆ ನಡೆದೆ.

ಹಿಂದಿರುಗುವಾಗ ದೇವದುರ್ಗ ದಾಟಿದೆವು. ಆಗ ಚಾಚಾ ಅಂದರು, "ಅಂಗೂಠಾ ತಗೊಂಡು ಆದ್ಮೀನ ಬಿಟ್ಟು ಬಂದಿ ಬೇಟಾ."

"ಬರಂಗಿಲ್ಲ ಅಂದ್ರ ಹೊತ್ಕೊಂಡ ಬರಾಕಾಗ್ತದೇನು ಚಾಚಾ?"

"ಹೊತ್ಕೊಂಡ ಬಾ ಅಂದೆನೇನು? ಯಾಕ ಬರಂಗಿಲ್ಲ ಅಂತ ಕೇಳಿದೇನು ನೀ?"

ನಾನು ಕಿಟಕಿಯ ಕಡೆ ಮುಖ ತಿರುಗಿಸಿ ಕೂತೆ.

ಆಸ್ಪತ್ರೆಯಲ್ಲಿ ಡಾಕ್ಟರಿಗೆ ನಡೆದದ್ದನ್ನು ಹೇಳಿದೆ. ಹಗಲಿನಲ್ಲಿ ಒಂಟಿ ತೋಳ, ಕೆನ್ನೆಗೆ ಗಾಯ ಎಂದ ಕೂಡಲೇ ಅವರು ಬರೆಯುತ್ತಿದ್ದ ಪೆನ್ನು ಕೆಳಗಿಟ್ಟರು. ಮುಖಕ್ಕೆ ಕಚ್ಚಿದರೆ ರೋಗ ಬೇಗ ತಲೆಗೇರುತ್ತದೆ, ನಾಳೆಯೇ ಹೋಗಿ ಹೇಗಾದರೂ ಮಾಡಿ ಕರೆದುಕೊಂಡು ಬಾ ಎಂದರು. ಮರುದಿನ ಬೆಳಿಗ್ಗೆ ಲಿಂಗಸುಗೂರು ರಸ್ತೆಯಲ್ಲಿ ಲಾರಿ ಮಗುಚಿ ನಾಲ್ಕೈದು ಜನ ಬಂದರು. ಇಡೀ ದಿನ ವ್ಯಾನು ಅದಕ್ಕೇ ಹೋಯಿತು. ಅದರ ಮರುದಿನ ನಾವು ಆ ಹೊಲಕ್ಕೆ ಹೋದಾಗ ಕುರಿಹಿಂಡು ಇರಲಿಲ್ಲ. ನೆಲದ ಮೇಲೆ ಹಿಕ್ಕೆ ಮಾತ್ರ ಹರಡಿತ್ತು. ಹೊಲದ ರೈತ, "ಮಾನ್ವಿ ಕಡಿಗಿ ಹೋದ್ರು," ಎಂದ. ಮಾನ್ವಿ ಕಡೆ ಎಂದರೆ ಎಷ್ಟು ಹಳ್ಳಿ, ಎಷ್ಟು ಹೊಲ. ಚಾಚಾ ಹುಡುಕೋಣ ಎಂದರು. ಡೀಸೆಲ್ ಲೆಕ್ಕ ಕೊಡಬೇಕು, ಸಂಜೆಯೊಳಗೆ ಹಿಂತಿರುಗಬೇಕು ಎಂದು ನಾನು ತಲೆಯಲ್ಲಾಡಿಸಿದೆ. ಕಾಗದ ಇದೆಯಲ್ಲ ಎಂಬ ಧೈರ್ಯ ಒಳಗೆಲ್ಲೋ ಇತ್ತು. ವಾರ ಕಳೆಯುವುದರೊಳಗೆ ಅವನು ನನ್ನ ತಲೆಯಿಂದ ದೂರವಾದ.

ಐದಾರು ವಾರಗಳ ಮೇಲೆ ಮಾನ್ವಿಯಿಂದ ಫೋನು ಬಂತು. ಹಿರೇಕೊಟ್ನೆಕಲ್ ಹತ್ತಿರದ ಹೊಲದಲ್ಲಿ ಒಬ್ಬ ಕುರಿಗಾರ ನೀರು ಕಂಡರೆ ಬೆಚ್ಚುತ್ತಿದ್ದಾನೆ, ಜನ ಹೆದರಿದ್ದಾರೆ, ಬಂದು ಒಯ್ಯಿರಿ ಎಂದು. ಫೋನು ತೆಗೆದುಕೊಂಡವನು ನಾನೇ. ಯಾರೆಂದು ಕೇಳುವ ಅಗತ್ಯ ಬೀಳಲಿಲ್ಲ.

ಬಿಸಿಲು ಕಾದು ನಿಂತಿತ್ತು. ನಾವು ಹೋದಾಗ ಜನ ಹೊಲದಂಚಿನಲ್ಲಿ ದೂರ ನಿಂತಿದ್ದರು, ಇಬ್ಬರ ಕೈಯಲ್ಲಿ ಹಗ್ಗವಿತ್ತು. ಹುಣಸೆ ಮರದ ಕೆಳಗೆ ಕಂಬಳಿಗಳನ್ನು ನಾಲ್ಕೂ ಕಡೆ ಕಟ್ಟಿ ಗಾಳಿ ಬಾರದಂತೆ ಮರೆ ಮಾಡಿದ್ದರು. ಒಳಗೆ ಅವನು ಮೊಣಕಾಲು ತಬ್ಬಿಕೊಂಡು ಕೂತಿದ್ದ. ಪಕ್ಕದಲ್ಲಿ ಹೆಂಡತಿ. ಕೆನ್ನೆಯ ಗಾಯ ಚೆನ್ನಾಗಿ ಮಾಗಿತ್ತು. ಬಾಯಿಂದ ಜೊಲ್ಲು ಇಳಿಯುತ್ತಿತ್ತು, ನುಂಗಲಾಗುತ್ತಿರಲಿಲ್ಲ. ಅವಳು ಸೆರಗಿನಿಂದ ಒರೆಸುತ್ತಿದ್ದಳು. ನಾನು ಕಂಬಳಿ ಸರಿಸಿದೆ. ಅಷ್ಟೇ ಗಾಳಿಗೆ ಅವನ ಕುತ್ತಿಗೆ ಸೆಟೆದು, ಕಣ್ಣು ಮೇಲೆ ಹೋಗಿ, ಗಂಟಲಿನಿಂದ ಒಂದು ಸದ್ದು ಬಂತು. ನಾಯಿಯ ಬೊಗಳಿಕೆಯಲ್ಲ ಅದು. ಉಸಿರು ಸಿಕ್ಕದ ಮನುಷ್ಯನ ಸದ್ದು. ಅವನಿಗೆ ನಾನು ಅಂದು ಎಸೆದ ಮಾತು ನನಗೇ ನೆನಪಾಯಿತು.

ಆ ಸೆಳೆತ ಇಳಿದ ಮೇಲೆ ಅವನು ನನ್ನನ್ನು ಗುರುತಿಸಿದ. ಈ ರೋಗದಲ್ಲಿ ಬುದ್ಧಿ ಕೊನೆಯತನಕ ನೆಟ್ಟಗಿರುತ್ತದೆ ಎಂದು ಡಾಕ್ಟರು ಹೇಳಿದ್ದರು. ಅದನ್ನು ಕಣ್ಣಾರೆ ನೋಡುವುದು ಬೇರೆ.

ಹಗ್ಗ ಹಿಡಿದವರು ಹತ್ತಿರ ಬಂದರು. ಚಾಚಾ ಅವರನ್ನು ತಡೆದರು. "ಹಗ್ಗ ಬ್ಯಾಡ್ರಿ. ಅಂವ ಏನು ದನ ಅಲ್ಲ."

"ನಾ ಬರ್ತೀನಿ. ನಡೀತೀನಿ," ಎಂದ ಅವನು.

ತಲೆಯ ಮೇಲಿಂದ ಕಂಬಳಿ ಹೊದ್ದುಕೊಂಡು ಅವನು ವ್ಯಾನಿನ ತನಕ ತಾನೇ ನಡೆದು ಬಂದ. ಹೆಂಡತಿ ಹಿಂದೆ ಹತ್ತಿದಳು. ಕಿಟಕಿಗಳನ್ನೆಲ್ಲ ಮುಚ್ಚಿ, ಸಂದಿಗಳಿಗೆ ಬಟ್ಟೆ ತುರುಕಿದೆ. ಒಳಗೆ ಕುಲುಮೆಯ ಹಾಗೆ ಕಾಯುತ್ತಿತ್ತು. ಚಾಚಾ ಒಂದೊಂದು ತಗ್ಗನ್ನೂ ತಪ್ಪಿಸಿಕೊಂಡು ಎತ್ತಿನ ಬಂಡಿಯ ಹಾಗೆ ಓಡಿಸಿದರು. ದಾರಿಯಲ್ಲಿ ಒಂದು ಕೆರೆ ಬರುತ್ತದೆ. ಅಲ್ಲಿ ಅವಳು ಗಂಡನ ಕಣ್ಣ ಮೇಲೆ ಕೈ ಇಟ್ಟಳು.

ಕಲ್ಲೂರು ದಾಟಿದ ಮೇಲೆ ಅವನು ಮಾತಾಡಿದ. ಒಂದೊಂದೇ ಮಾತನ್ನು ಗಂಟಲಿನಿಂದ ಎಳೆದು ತೆಗೆಯುತ್ತಿದ್ದ.

"ತಮ್ಮಾ. ಆ ಕಾಗದ ತಂದೀಯೇನು?"

"ಯಾವ ಕಾಗದ?"

"ನಾ ಒತ್ತಿದ್ದು. ಅದನ್ನ ಹರದು ಹಾಕು. ಹರದು, ಹದಿನಾಕೂ ಸೂಜಿ ಒಮ್ಮಿಗೇ ಹಾಕಿಬಿಡು. ನಾ ಅಲುಗಾಡಂಗಿಲ್ಲ."

ಜ್ವರದ ಬಡಬಡಿಕೆ ಎಂದುಕೊಂಡೆ. ರೋಗ ಮೈಗೇರಿದ ಮೇಲೆ ಆ ಸೂಜಿಯಿಂದ ಏನೂ ಆಗುವುದಿಲ್ಲ. ಹದಿನಾಲ್ಕಲ್ಲ, ನೂರು ಹಾಕಿದರೂ ಅಷ್ಟೇ. ಅವಳು ನನ್ನ ಮುಖವನ್ನೇ ನೋಡುತ್ತಿದ್ದಳು. "ಹಾಕ್ತೀನಿ," ಎಂದೆ.

ಆಸ್ಪತ್ರೆಯ ಹಿಂದೆ, ಕಿಟಕಿಯಿಲ್ಲದ ಒಂದು ಕೋಣೆಯಲ್ಲಿ ಅವನನ್ನು ಮಲಗಿಸಿದೆವು. ಡಾಕ್ಟರು ನಿದ್ದೆಯ ಇಂಜೆಕ್ಷನ್ ಬರೆದರು. ನಾನು ತೋಳಿಗೆ ಕೊಡಲು ಹೋದಾಗ ಅವನು ಕೈ ಕೊಡಲಿಲ್ಲ. ಅಂಗಿ ಮೇಲೆತ್ತಿ ಹೊಟ್ಟೆ ತೋರಿಸಿದ. "ಅಲ್ಲಲ್ಲ, ಇಲ್ಲಿ. ಹೊಕ್ಕಳಕ್ಕ ಅಂತ ನೀನ ಅಂದಿದ್ದಿ."

ನಾನು ಡಾಕ್ಟರ ಕಡೆ ತಿರುಗಿದೆ. ಅವರು ಆಗಲಿ ಎಂಬಂತೆ ತಲೆಯಾಡಿಸಿದರು. ಪುಡಿ ಔಷಧಿಗೆ ಬೆರೆಸುವ ಬರೀ ನೀರನ್ನು ಸಿರಿಂಜಿಗೆ ಎಳೆದುಕೊಂಡೆ. ಹೊಕ್ಕಳ ಪಕ್ಕ ಸ್ಪಿರಿಟ್ ಒರೆಸಿದಾಗ ಅದರ ತಂಪಿಗೇ ಅವನ ಮೈ ಸೆಟೆಯಿತು. ಹಲ್ಲು ಕಚ್ಚಿ ತಡೆದುಕೊಂಡ. ನೀರನ್ನು ಚುಚ್ಚಿದೆ. ಆಮೇಲೆ ತೋಳಿಗೆ ನಿದ್ದೆಯದು.

"ಒಂದಾತು," ಎಂದ.

ಮರುದಿನ ಬೆಳಿಗ್ಗೆ ನಾನು ಒಳಗೆ ಹೋಗುವ ಮೊದಲೇ ಅಂಗಿ ಎತ್ತಿಕೊಂಡಿದ್ದ. "ಎರಡು," ಎಂದ. ಅದರ ಮರುದಿನ ಹೊತ್ತೇರುವ ಮುಂಚೆ ಅವನ ಮೈ ಸಡಿಲಾಯಿತು, ಸೆಳೆತ ನಿಂತಿತು. ನಿಂತದ್ದಕ್ಕೆ ಹೆಂಡತಿ ಗುಣವಾಗುತ್ತಿದೆ ಎಂದುಕೊಂಡಳು. ಹನ್ನೊಂದು ಗಂಟೆಗೆ ಅವನು ತೀರಿಕೊಂಡ.

ಆಕೆ ಎದೆ ಬಡಿದುಕೊಂಡು ಅಳಲಿಲ್ಲ. ಹೊರಗೆ ಬಂದು ಬೇವಿನ ಮರದ ಬುಡದಲ್ಲಿ ಕೂತಳು. ಡಾಕ್ಟರು ನನ್ನನ್ನು ಕರೆದು, ಆಕೆಯ ಕೈ ನೋಡಿದೆಯಾ ಎಂದು ಕೇಳಿದರು. ನೋಡಿದ್ದೆ. ಬೆರಳುಗಳೆಲ್ಲ ಒಡೆದು ಬಿರುಕು ಬಿಟ್ಟಿದ್ದವು. ಆ ಕೈಯಿಂದಲೇ ನಾಲ್ಕು ದಿನ ಅವನ ಜೊಲ್ಲು ಒರೆಸಿದ್ದಳು. ಆಕೆಗೂ ಹದಿನಾಲ್ಕು ಸೂಜಿ ಆಗಲೇಬೇಕು, ಇವತ್ತೇ ಶುರುವಾಗಬೇಕು ಎಂದರು.

ನಾನು ಹೋಗಿ ಹೇಳಿದೆ. ಆಕೆ ತಲೆ ಎತ್ತದೆ, "ಒಲ್ಲೆ," ಎಂದಳು.

ನನ್ನ ಚೀಲ ಹೆಗಲಿಗೇ ಇತ್ತು, ಕಾಗದವೂ ಅದರೊಳಗಿತ್ತು. ಚೀಲವನ್ನು ದೂರ ಇಟ್ಟು ಆಕೆಯ ಎದುರಿಗೆ ನೆಲದ ಮೇಲೆ ಕೂತೆ.

"ಯಾಕ ಒಲ್ಲಿ ಯವ್ವಾ?"

ನಾನು ಎದ್ದು ಹೋಗುತ್ತೇನೇನೋ ಎಂದು ಆಕೆ ಕಾದಿರಬೇಕು. ಹೋಗಲಿಲ್ಲ.

"ಕುರಿ ಈಯಾಕತ್ಯಾವ," ಎಂದಳು ಕೊನೆಗೆ. "ಮೈದುನ ಒಬ್ಬನ ಅದಾನ. ಮರಿ ನೋಡಬೇಕೋ, ಕುರಿ ಕಾಯಬೇಕೋ? ಹದಿನಾಕ ದಿನಾ ನಾ ಇಲ್ಲಿ ಕುಂತ್ರ ಹಿಂಡು ಉಳೀತದೇನು? ಅಂವಾ ಅವತ್ತ ಅದಕ್ಕ ಬರ್ಲಿಲ್ಲ. ಕುರಿ ಬಿಟ್ಟು ಹೆಂಗ ಬರ್ಲಿ ಅಂತ."

"ಅದನ್ನ ಹೇಳಬೇಕಾಗಿತ್ತಲ್ಲ."

"ನೀ ಕೇಳಿದ್ದೇನು?"

ಆಕೆ ತಾನಾಗಿಯೇ ಮುಂದುವರಿಸಿದಳು. ಈ ಮಾತನ್ನು ಆಕೆ ಸಿಟ್ಟಿನಿಂದ ಹೇಳಿದ್ದರೆ ನನಗೆ ಹಗುರವಾಗುತ್ತಿತ್ತು. ಊರಿನ ಸುದ್ದಿ ಹೇಳುವ ಹಾಗೆ ಹೇಳಿದಳು.

ತೋಳ ಕಚ್ಚಿದ ಇಪ್ಪತ್ತು ದಿನಕ್ಕೆ ಅವರ ನಾಯಿಗೆ ಹುಚ್ಚು ಹಿಡಿಯಿತಂತೆ. ಗಂಡನೇ ಅದನ್ನು ಬಡಿದು ಕೊಂದ. ಕೊಂದು ಬಂದವನು ಊಟ ಮಾಡಲಿಲ್ಲ. ಆಗ ಈಕೆ, ನಡಿ ರಾಯಚೂರಿಗೆ ಹೋಗೋಣ, ಕುರಿ ಹಾಳಾಗಿ ಹೋಗಲಿ ಎಂದಳು. ಅವನೂ ಹೊರಟು ನಿಂತ, ತಲೆಗೆ ಪಟಗ ಸುತ್ತಿಕೊಂಡ. ಆಮೇಲೆ ಕೂತುಬಿಟ್ಟ.

"ಹೆಬ್ಬೆಟ್ಟು ಒತ್ತಿ ಕೊಟ್ಟೀನಲ್ಲ ಅಂದ. ದವಾಖಾನಿಗೂ ನಮಗೂ ಸಂಬಂಧ ಇಲ್ಲ ಅಂತ ಒತ್ತಿಸ್ಕೊಂಡ್ ಹೋಗ್ಯಾರ, ಇನ್ನ ಒಳಗ ಬಿಡ್ತಾರೇನು ಅಂದ. ನಮ್ಮಪ್ಪ ಒಮ್ಮಿ ಒತ್ತಿದ, ಹೊಲ ಹೋತು. ತಿರುಗಿ ಬಂತೇನು ಅಂದ. ನಾ ಏನು ಹೇಳ್ಲಿ? ನೀನ ಹೇಳಿದ್ದಿಯಲ್ಲ, ನಾ ಕೇಳಿದಾಗ."

ವ್ಯಾನಿನಲ್ಲಿ ಅವನು ಕಾಗದ ಹರಿದು ಹಾಕು ಎಂದದ್ದು ಬಡಬಡಿಕೆಯಾಗಿರಲಿಲ್ಲ. ಇಪ್ಪತ್ತು ದಿನಕ್ಕೆ ಅವನ ಮೈಯಲ್ಲಿ ರೋಗದ ಒಂದು ಲಕ್ಷಣವೂ ಇರಲಿಲ್ಲ. ಆ ದಿನ ಬಂದಿದ್ದರೆ ಸೂಜಿ ಹಿಡಿಯುತ್ತಿತ್ತೋ ಇಲ್ಲವೋ, ಖಾತ್ರಿಯಾಗಿ ಹೇಳಲಾಗದು ಎಂದು ಡಾಕ್ಟರು ಆಮೇಲೆ ಹೇಳಿದರು. ಬದುಕಿದರೂ ಬದುಕಬಹುದಿತ್ತು ಎಂದೂ ಹೇಳಿದರು. ಅವನು ಬರಲು ಎದ್ದು ನಿಂತಿದ್ದ. ಅವನನ್ನು ಕೂರಿಸಿದ್ದು ನನ್ನ ಒಂದು ಮಾತು. ಹೆಬ್ಬೆಟ್ಟು ಒತ್ತುವುದೆಂದರೆ ನಮ್ಮಂಥವರ ಮನೆಗಳಲ್ಲಿ ಏನರ್ಥ ಎಂದು ನನಗೆ ಗೊತ್ತಿರಬೇಕಿತ್ತು. ಇಡೀ ಆಸ್ಪತ್ರೆಯಲ್ಲಿ ನನ್ನಷ್ಟು ಚೆನ್ನಾಗಿ ಗೊತ್ತಿರಬೇಕಾದವರು ಬೇರೆ ಇರಲಿಲ್ಲ.

"ಅದು ತಪ್ಪಾತು ಯವ್ವಾ," ಎಂದೆ. "ಆ ಕಾಗದಕ್ಕ ಹಂಗ ಅರ್ಥ ಇಲ್ಲ. ಯಾವಾಗ ಬಂದ್ರೂ ಒಳಗ ತಗೋತಿದ್ದೆವು. ನಾ ತಪ್ಪು ಹೇಳಿದೆ."

ಆಕೆ ಮೊದಲ ಬಾರಿಗೆ ನನ್ನನ್ನು ನೇರವಾಗಿ ನೋಡಿದಳು. ಆ ನೋಟ ಎಷ್ಟು ಹೊತ್ತಿತ್ತೋ, ನನಗೆ ಲೆಕ್ಕವಿಲ್ಲ.

"ನೀ ರಾಯಚೂರಿಗಿ ಬರೋದು ಬ್ಯಾಡ," ಎಂದೆ. "ಕುರಿ ಎಲ್ಲಿರ್ತಾವೋ ಅಲ್ಲಿಗೇ ಔಷಧ ಬಂದ್ರ? ಮುಂಜಾನಿ ಒಂದು ತಾಸು. ಆಗ್ತದೇನು?"

ಒಳಗೆ ಹೋಗಿ ಡಾಕ್ಟರನ್ನು ಕೇಳಿದೆ. ಆ ಔಷಧಿ ತಣ್ಣಗೇ ಇರಬೇಕು, ಬಿಸಿಲು ತಾಕಿದರೆ ಕೆಟ್ಟುಹೋಗುತ್ತದೆ. ಥರ್ಮಾಸಿನಲ್ಲಿ ಬರ್ಫ ತುಂಬಿ ಒಯ್ದರೆ ಆಗುತ್ತದೆ, ಆದರೆ ಒಯ್ಯುವವರು ಯಾರು ಎಂದರು. ನಾನು ಎಂದೆ. ರಜೆ ಬರೆದುಕೊಡು, ಮೇಲಿನವರಿಗೆ ನಾನು ಹೇಳುತ್ತೇನೆ ಎಂದರು. ಅಷ್ಟು ಸುಲಭವಾಗಿ ಆಗಿಹೋಯಿತು. ಆರು ವಾರ ಹಿಂದೆಯೂ ಇಷ್ಟೇ ಸುಲಭವಾಗಿ ಆಗುತ್ತಿತ್ತು.

ಮೊದಲನೆಯ ಸೂಜಿಯನ್ನು ಆಕೆ ಅಂದೇ, ಗಂಡನ ಹೆಣ ಹೊರಡುವ ಮೊದಲು ಹಾಕಿಸಿಕೊಂಡಳು. ನರ್ಸಮ್ಮ ಕೊಟ್ಟರು, ನಾನು ಹೊರಗೆ ನಿಂತಿದ್ದೆ. ಆಮೇಲೆ ಚಾಚಾ ಹೆಣವನ್ನು ದೇವದುರ್ಗದ ಆಚೆಯ ಅವರ ಊರಿಗೆ ಮುಟ್ಟಿಸಿದರು. ಮಣ್ಣಾದ ಮೇಲೆ ಆಕೆ ಎರಡು ದಿನ ಊರಲ್ಲೇ ಇದ್ದಳು. ಆ ಎರಡೂ ದಿನ ನಾನು ಬೆಳಗಿನ ಬಸ್ಸಿಗೆ ಔಷಧಿ ಹಿಡಿದು ದೇವದುರ್ಗಕ್ಕೆ ಹೋದೆ, ಅಲ್ಲಿಯ ನರ್ಸು ಸೂಜಿ ಹಾಕಿದಳು. ಮೂರನೆಯ ದಿನ ಆಕೆ ಹಿಂಡಿಗೆ ಮರಳಿದಳು. ಅಲ್ಲಿಂದ ಮುಂದೆ ಮಾನ್ವಿಯ ಬಸ್ಸು. ತೊಡೆಯ ಮೇಲೆ ಥರ್ಮಾಸು ಇಟ್ಟುಕೊಂಡು, ಸೆಕೆಯಲ್ಲಿ, ಕಿಟಕಿಯ ಪಕ್ಕ ಕೂರದೆ, ನೆರಳಿನ ಕಡೆ ಸೀಟು ಹುಡುಕುತ್ತ ಹೋಗುತ್ತಿದ್ದೆ. ಮಾನ್ವಿಯ ದವಾಖಾನೆಯಲ್ಲಿ ಹೆರಿಗೆ ಮಾಡಿಸುವ ಒಬ್ಬ ವಯಸ್ಸಾದ ದಾಯಿ ಸೂಜಿ ಹಾಕುತ್ತಿದ್ದಳು. ಕುರಿಗಾರನ ಹೆಂಡತಿ ಪ್ರತಿದಿನ ಹೊತ್ತು ಮೂಡುವ ಮೊದಲೇ ನಡೆದು ಬಂದು ಮೆಟ್ಟಿಲ ಮೇಲೆ ಕೂತಿರುತ್ತಿದ್ದಳು. ಮೈದುನನೂ ಜೊಲ್ಲು ಮುಟ್ಟಿದ್ದ, ಅವನೂ ಬರುತ್ತಿದ್ದ. ಒಬ್ಬರು ಬರುವಾಗ ಇನ್ನೊಬ್ಬರು ಹಿಂಡಿನ ಬಳಿ ಇರುತ್ತಿದ್ದರು.

ಆರನೆಯ ದಿನದ ಹೊತ್ತಿಗೆ ಆಕೆಯ ಹೊಟ್ಟೆ ಗಂಟುಗಂಟಾಗಿ ಊದಿತ್ತು ಎಂದು ದಾಯಿ ಹೇಳಿದಳು. ಸೀರೆಯ ನೆರಿಗೆ ಕಟ್ಟಲಾಗದೆ ಸಡಿಲ ಬಿಟ್ಟುಕೊಂಡು ನಡೆಯುತ್ತಿದ್ದಳು. ಒಂಬತ್ತನೆಯ ದಿನ ಆಕೆ ಬರಲಿಲ್ಲ. ನಾನು ಥರ್ಮಾಸು ಹಿಡಿದು ಹಿಂಡು ಹುಡುಕಿಕೊಂಡು ಹೋದೆ. ಎರಡು ಹಳ್ಳಿ ದಾಟಿದ ಮೇಲೆ ಸಿಕ್ಕಿತು. ಆಕೆ ಜ್ವರದಿಂದ ಮಲಗಿದ್ದಳು, ಸೂಜಿಯದೇ ಜ್ವರ.

"ಸಾಕಾತು," ಎಂದಳು. "ಇನ್ನ ಒಲ್ಲೆ. ಸತ್ರ ಅಂವನ ಹಂತ್ಯಾಕ ಹೋಗ್ತೀನಿ."

ಹೆದರಿಸಲು ನನಗೆ ಬಾಯಿ ಬರಲಿಲ್ಲ. ಅವನು ಹೇಗೆ ಸತ್ತ ಎಂಬುದನ್ನು ನನಗಿಂತ ಹತ್ತಿರದಿಂದ ಆಕೆ ಕಂಡಿದ್ದಳು. "ಇವತ್ತಿಂದು ಬ್ಯಾಡಾದ್ರ ಬ್ಯಾಡ," ಎಂದೆ. "ಬರ್ಫ ಕರಗೋತನ ಇಲ್ಲೇ ಕುಂದ್ರತೀನಿ. ಕರಗಿದ ಮ್ಯಾಲ ಹೋಗ್ತೀನಿ. ನಾಳೆ ಮತ್ತ ಬರ್ತೀನಿ."

ಕೂತೆ. ಆಕೆಯ ಮೈದುನ ಎರಡು ಹಸಿ ಮರಿಗಳನ್ನು ತಂದು ಆಕೆಯ ಪಕ್ಕದಲ್ಲಿ ಬಿಟ್ಟು ಹೋದ. ಒಂದಕ್ಕೆ ತಾಯಿ ಮೊಲೆ ಕೊಡುತ್ತಿರಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಆಕೆ ಮಲಗಿದಲ್ಲಿಂದಲೇ ಅದಕ್ಕೆ ಬೆರಳು ಚೀಪಿಸತೊಡಗಿದಳು. ಆಮೇಲೆ ಎದ್ದು ಕೂತಳು, ಗದರುವ ದನಿಯಲ್ಲಿ, "ಏಳು, ನಡಿ. ದಾಯಿ ಎದ್ದು ಹೋದಾಳು," ಎಂದಳು. ಜ್ವರದ ಮೈಯಲ್ಲೇ ಮಾನ್ವಿಯ ತನಕ ನಡೆದಳು. ನಾನು ಹಿಂದೆ ನಡೆದೆ.

ಹದಿನಾಲ್ಕೂ ಮುಗಿದವು. ಕೊನೆಯ ದಿನ ಆಕೆ ಒಂದೇ ಪ್ರಶ್ನೆ ಕೇಳಿದಳು. ಬದುಕಿದೆನೋ ಇಲ್ಲವೋ ಎಂದು ಎಷ್ಟು ದಿನಕ್ಕೆ ಗೊತ್ತಾಗುತ್ತದೆ? ಡಾಕ್ಟರು ಹೇಳಿದ್ದನ್ನೇ ಹೇಳಿದೆ, ಮೂರು ತಿಂಗಳು ದಾಟಿದರೆ ಬಹುತೇಕ ಭಯವಿಲ್ಲ ಎಂದು. "ಅಂದ್ರ ಆರಿದ್ರಾ ಮಳಿ ಹೊತ್ತಿಗಿ," ಎಂದು ಹೇಳಿ, ಸೆರಗು ತಲೆಗೆ ಎಳೆದುಕೊಂಡು ಹೊರಟುಹೋದಳು.

ಆ ಮೇಲೆ ಎಂಬತ್ತರ ದಶಕ ಪೂರ್ತಿ ನಾನು ಅದೇ ಕೆಲಸದಲ್ಲಿದ್ದೆ. ಬರುವುದಿಲ್ಲ ಎನ್ನುವವರು ಎಂದೂ ಕಡಿಮೆಯಾಗಲಿಲ್ಲ. ಅವರೆದುರು ನೆಲದ ಮೇಲೆ ಕೂತು, ಯಾಕೆ ಎಂದು ಕೇಳುವುದನ್ನು ಕಲಿತೆ. ಎಷ್ಟೋ ಸಲ ಕಾರಣ ಸಣ್ಣದಿರುತ್ತಿತ್ತು. ಹಾಲು ಹಿಂಡುವವರಿಲ್ಲ, ಬಾಗಿಲಿಗೆ ಬೀಗವಿಲ್ಲ, ಮೊದಲ ಸಲ ಹೋದಾಗ ನರ್ಸಮ್ಮ ಬೈದಿದ್ದಳು. ಕೆಲವರ ಕಾರಣ ದೊಡ್ಡದಿರುತ್ತಿತ್ತು, ಅದಕ್ಕೆ ನನ್ನ ಬಳಿ ಮದ್ದಿರಲಿಲ್ಲ. ಅಂಥವರಿಂದ ಹೆಬ್ಬೆಟ್ಟು ಒತ್ತಿಸಿಕೊಳ್ಳುವ ಮೊದಲು, "ಇದು ಇವತ್ತಿನ ಮಾತು. ನಾಳೆ ಮನಸ ಬದಲಾದ್ರ ಬರ್ರಿ, ನಡುರಾತ್ರಿ ಆದ್ರೂ ಬರ್ರಿ, ಬಾಗಲಾ ತೆರದಿರ್ತದ," ಎಂದು ಮೂರು ಸಲ ಹೇಳಿ, ಅವರ ಬಾಯಿಂದಲೂ ಹೇಳಿಸುತ್ತಿದ್ದೆ. ಕೆಲವರು ಹಾಗೆ ಬಂದರು. ಹಲವರು ಬರಲಿಲ್ಲ, ಸತ್ತರು. ಆ ಕುರಿಗಾರನ ಹಾಗೆ ಎದ್ದು ನಿಂತು ಮತ್ತೆ ಕೂತವರು ಅವರಲ್ಲಿ ಎಷ್ಟು ಜನರೋ, ನನಗೆ ತಿಳಿಯುವ ದಾರಿಯಿರಲಿಲ್ಲ.

ಕುರಿಗಾರ ಸತ್ತ ಆ ವರ್ಷದ ಆರಿದ್ರಾ ಮಳೆ ಬಿದ್ದ ಮೇಲೆ ನಾನು ಒಂದು ದಿನ ರಜೆ ಹಾಕಿ ಗೂಗಲ್ ಕಡೆ ಹೋದೆ. ಯಾರೂ ಕಳಿಸಿರಲಿಲ್ಲ. ಹೊಳೆಗೆ ಹೊಸ ನೀರು ಬಂದು ಕೆಂಪಾಗಿತ್ತು. ಕೇಳುತ್ತ ಕೇಳುತ್ತ ಹೋದರೆ, ದಂಡೆಯ ಮೇಲಿನ ಒಂದು ಬೀಳಿನಲ್ಲಿ ಅವರ ಹಿಂಡು ಇತ್ತು. ಉಣ್ಣೆ ಕತ್ತರಿಸುತ್ತಿದ್ದರು. ಮೈದುನ ಒಂದು ಕುರಿಯನ್ನು ಕೆಡವಿ ಹಿಡಿದಿದ್ದ, ಆಕೆ ಬಗ್ಗಿ ಕತ್ತರಿ ಆಡಿಸುತ್ತಿದ್ದಳು. ನಾನು ಬದುವಿನ ಮೇಲೆ ನಿಂತೆ. ಆಕೆ ತಲೆಯೆತ್ತಿ ನೋಡಿದಳು. ನಾನು ಯಾರು, ಯಾಕೆ ಬಂದಿದ್ದೇನೆ ಎಂದು ಆಕೆಗೆ ಅರ್ಥವಾಗಲು ಹೆಚ್ಚು ಹೊತ್ತು ಬೇಕಾಗಲಿಲ್ಲ.

"ಬದುಕೀನಿ," ಎಂದು ಅಲ್ಲಿಂದಲೇ ಕೂಗಿದಳು. "ಹೋಗಿನ್ನ."

ಮತ್ತೆ ಕುರಿಯ ಮೇಲೆ ಬಗ್ಗಿದಳು. ನಾನು ಇನ್ನೂ ಸ್ವಲ್ಪ ಹೊತ್ತು ನಿಂತಿದ್ದು, ಆಮೇಲೆ ಬಸ್ಸಿನ ದಾರಿ ಹಿಡಿದೆ.